ಎಂಟನೇ ತರಗತಿಗೆ ಸೇರಿದವರೆಲ್ಲ ಎಲ್ಲಿ ಹೋದರು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಶಾಲೆಯ ನೋಟಿಸ್ ಬೋರ್ಡಿನ ಮೇಲೆ ಶೇಕಡಾವಾರು ಅಂಕಿಯನ್ನು ದೊಡ್ಡದಾಗಿ ಬರೆಯುವ ಕೆಲಸ ಹಲವು ವರ್ಷ ನನ್ನದಾಗಿತ್ತು. ಗಣಿತ ಕಲಿಸುವ ನನಗೂ ಆ ಭಾಗಾಕಾರದಲ್ಲಿ ತಪ್ಪೇನೂ ಕಂಡಿರಲಿಲ್ಲ. ಒಮ್ಮೆ ಬೇರಾವುದೋ ಕೆಲಸಕ್ಕೆ ಪ್ರವೇಶ ವಹಿಯನ್ನು ತೆರೆದು, ಹತ್ತನೆಯ ಪರೀಕ್ಷೆ ಬರೆದಿದ್ದ ಒಂದು ತಂಡ, ಅಂದರೆ ಒಟ್ಟಿಗೆ ಓದಿ ಬಂದ ಮಕ್ಕಳು, ಎಂಟನೇ ತರಗತಿಗೆ ಸೇರಿದ ವರ್ಷದ ಪುಟಗಳ ಮೇಲೆ ಬೆರಳಾಡಿಸಿದಾಗಲೇ, ಛೇದದಲ್ಲಿ ಇರಬೇಕಾದ ಎಷ್ಟೋ ಮಕ್ಕಳನ್ನು ನಾವು ಬಿಟ್ಟೇ ಲೆಕ್ಕ ಹಾಕುತ್ತಿದ್ದೇವೆ ಎಂಬುದು ಅರಿವಾಯಿತು.

ಆ ವರ್ಷ ಎಂಟಕ್ಕೆ ಸೇರಿದವರು 60; ಹತ್ತನೆಯ ಪರೀಕ್ಷೆ ಬರೆದವರು 41; ಪಾಸಾದವರು 37. ಬೋರ್ಡಿನ ಮೇಲೆ ನಾನು ಬರೆದದ್ದು ಶೇ. 90. ಹಾಗೆಂದು 37ನ್ನು ನೇರವಾಗಿ 60ರಿಂದ ಭಾಗಿಸುವುದೂ ಸರಿಯಲ್ಲ, ಏಕೆಂದರೆ ಏಳು ಮಕ್ಕಳು ಟಿ.ಸಿ. ಪಡೆದು ಬೇರೆ ಶಾಲೆಗೆ ಸೇರಿದ್ದರು, ಮೂವರು ನಡುವೆ ನಮ್ಮಲ್ಲಿಗೆ ಬಂದಿದ್ದರು. ಹೋದವರನ್ನು ಕಳೆದು ಬಂದವರನ್ನು ಕೂಡಿದರೆ ತಂಡದಲ್ಲಿ ಉಳಿಯುವವರು 56, ಸಕಾಲದಲ್ಲಿ ಪಾಸಾದವರ ಪ್ರಮಾಣ ಶೇ. 66. ಪರೀಕ್ಷೆಯ ಕೋಣೆಯವರೆಗೂ ಬಾರದ 15 ಮಕ್ಕಳು ಯಾವ ಫಲಿತಾಂಶ ಪಟ್ಟಿಯಲ್ಲೂ ಇಲ್ಲ.

ರಾಜ್ಯದ ಒಟ್ಟು ಫಲಿತಾಂಶ 2023ರಲ್ಲಿ ಶೇ. 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಶೇ. 73.40ಕ್ಕೆ ಇಳಿಯಿತು. ಅದರ ಬಗ್ಗೆ ಆದ ಚರ್ಚೆಯೆಲ್ಲ ಪರೀಕ್ಷೆಗೆ ಕುಳಿತವರ ಕುರಿತಾಗಿತ್ತು. ಕುಳಿತುಕೊಳ್ಳಲೇ ಆಗದವರ ಸಂಖ್ಯೆಯನ್ನು ಆ ಎರಡು ಅಂಕಿಗಳಲ್ಲಿ ಯಾವುದೂ ಹೇಳುವುದಿಲ್ಲ.

ಅಮೆರಿಕದಲ್ಲಿಯೂ ಸಕಾಲದಲ್ಲಿ ಪ್ರೌಢಶಾಲೆ ಮುಗಿಸಿದವರ ಪ್ರಮಾಣಕ್ಕೆ ರಾಜ್ಯಕ್ಕೊಂದು ಲೆಕ್ಕವಿದ್ದು, ಒಂದನ್ನೊಂದು ಹೋಲಿಸುವಂತಿರಲಿಲ್ಲ. 2008ರ ಕೇಂದ್ರ ನಿಯಮವು ಒಂಬತ್ತನೆಯ ತರಗತಿಗೆ ಮೊದಲ ಬಾರಿ ಸೇರಿದ ತಂಡವನ್ನೇ ನಾಲ್ಕು ವರ್ಷ ಹಿಂಬಾಲಿಸಬೇಕೆಂದು ವಿಧಿಸಿತು. ಆ ಪದ್ಧತಿಯಲ್ಲಿ 2010-11ಕ್ಕೆ ಸಿಕ್ಕ ರಾಷ್ಟ್ರೀಯ ಪ್ರಮಾಣ ಶೇ. 79. ನನಗೆ ಅದರಲ್ಲಿ ಮುಖ್ಯವೆನಿಸುವುದು ಒಂದು ಷರತ್ತು: ಮಗು ಮತ್ತೊಂದು ಶಾಲೆಗೆ ಸೇರಿದೆಯೆಂಬುದಕ್ಕೆ ಲಿಖಿತ ದೃಢೀಕರಣ ಸಿಗದೆ, ವರ್ಗವಾಗಿ ಹೋಯಿತೆಂಬ ಕಾರಣಕ್ಕೆ ಅದರ ಹೆಸರನ್ನು ತಂಡದಿಂದ ತೆಗೆಯುವಂತಿಲ್ಲ.

ನಮ್ಮಲ್ಲಿ ಟಿ.ಸಿ. ಕೊಟ್ಟ ಕೂಡಲೇ ಮಗು ನಮ್ಮ ಲೆಕ್ಕದಿಂದ ಹೊರಗೆ ಹೋದಂತೆಯೇ ನಡೆದುಕೊಳ್ಳುತ್ತೇವೆ. ಪ್ರತಿ ಮಗುವಿಗೂ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆ) ಸಂಖ್ಯೆ ಇರುವುದರಿಂದ ರಾಜ್ಯದೊಳಗೆ ಹುಡುಕುವುದು ಮೊದಲಿಗಿಂತ ಸುಲಭವಾಗಿದೆ, ಮತ್ತು ಶಾಲೆಗಳ ಮಾಹಿತಿ ಕಲೆಹಾಕುವ ಕೇಂದ್ರದ ಯುಡೈಸ್ ಪ್ಲಸ್ ವ್ಯವಸ್ಥೆ ಕೂಡ 2022-23ರಿಂದ ಶಾಲೆಯ ಒಟ್ಟು ಸಂಖ್ಯೆಯ ಬದಲು ಒಬ್ಬೊಬ್ಬ ವಿದ್ಯಾರ್ಥಿಯ ಮಾಹಿತಿಯನ್ನೇ ಪಡೆಯುತ್ತಿದೆ. ಆದರೂ ತಂದೆತಾಯಿಯೊಡನೆ ಗುಳೆ ಹೋದ ಮಗು ಹೋದ ಊರಿನಲ್ಲಿ ಶಾಲೆಗೆ ಸೇರಿತೋ ಕೆಲಸಕ್ಕೆ ಸೇರಿತೋ ಎಂಬುದನ್ನು ಯಾರಾದರೂ ವಿಚಾರಿಸಿದರೆ ಮಾತ್ರ ತಿಳಿಯುತ್ತದೆ.

ಇನ್ನೊಂದು ಬಿರುಕು ಏಳು ಮತ್ತು ಎಂಟರ ನಡುವೆ ಇದೆ. ನಮ್ಮ ಬಹುಪಾಲು ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೆ ಮುಗಿಯುತ್ತವೆ, ಪ್ರೌಢಶಾಲೆ ಎಂಟರಿಂದ ಆರಂಭವಾಗುತ್ತದೆ. ಏಳು ಮುಗಿಸಿ ಎಂಟಕ್ಕೆ ಬಾರದ ಮಗು ಪ್ರಾಥಮಿಕ ಶಾಲೆಯ ದೃಷ್ಟಿಯಲ್ಲಿ ಓದು ಪೂರೈಸಿ ಹೋದದ್ದು, ನಮ್ಮ ದೃಷ್ಟಿಯಲ್ಲಿ ಬಂದೇ ಇಲ್ಲದ್ದು. ಆದ್ದರಿಂದ ತಂಡದ ಎಣಿಕೆ ಸುತ್ತಲಿನ ಪ್ರಾಥಮಿಕ ಶಾಲೆಗಳ ಏಳನೆಯ ತರಗತಿಯ ಪಟ್ಟಿಯಿಂದಲೇ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದೇ ವಹಿಯಲ್ಲಿ ಒಂಬತ್ತನೆಯ ತರಗತಿಯ ನಡುವೆ ಟಿ.ಸಿ. ಪಡೆದ ಒಬ್ಬ ಹುಡುಗಿಯ ಹೆಸರಿದೆ. ಕಾರಣದ ಕಲಮಿನಲ್ಲಿ ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ಬರೆದಿರುವುದು ನನ್ನದೇ ಅಕ್ಷರ. ಮುಂದಿನ ವರ್ಷ ಸಂತೆಯಲ್ಲಿ ಸಿಕ್ಕ ಅವಳ ತಂದೆಯನ್ನು ಯಾವ ಶಾಲೆಗೆ ಸೇರಿಸಿದಿರಿ ಎಂದು ಕೇಳಿದಾಗ, ‘ಎಲ್ಲಿ ಶಾಲೆ ಸರ, ಇಟ್ಟಂಗಿ ಭಟ್ಟಿಗೆ ನಮ್ಮ ಜೋಡಿನೇ ಬರ್ತಾಳ’ ಎಂದರು. ಟಿ.ಸಿ. ಪಡೆದು ಬೇರೆಡೆ ಸೇರಿದ ಏಳು ಜನರಲ್ಲಿ ಅವಳನ್ನು ನಾನು ಸೇರಿಸಿಲ್ಲ; ಅವಳು ಆ 56ರಲ್ಲೇ ಇದ್ದಾಳೆ.