ಹಂಡೆ ಇಲ್ಲದ ಮನೇಲಿ ನೀರು ತುಂಬೋ ಹಬ್ಬ

ದೀಪಾವಳಿ ಬಂತು ಅಂದ್ರೆ ನಂಗೆ ಮೊದ್ಲು ಬರೋದು ಸಿಟ್ಟು, ಸುಳ್ಳ್ಯಾಕೆ ಹೇಳ್ಲಿ. 2024ರಲ್ಲಂತೂ ನೀರು ತುಂಬೋ ಹಬ್ಬ ಬಿದ್ದಿದ್ದು ಅಕ್ಟೋಬರ್ 30, ಬುಧವಾರ, ಆಫೀಸಲ್ಲಿ ಮಂತ್ ಎಂಡ್ ಬೇರೆ, ಸೇವಂತಿಗೆ ರೇಟ್ ಕೇಳಿ ತಲೆ ತಿರುಗಿ, ಬೆಂಗಳೂರು ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ ಕೂತು ಮನೆ ಸೇರೋಷ್ಟೊತ್ತಿಗೆ ಎಂಟೂವರೆ. ಬ್ಯಾಗ್ ಇನ್ನೂ ಇಳಿಸಿಲ್ಲ, ಅಮ್ಮನ ಫೋನು.

"ನೀರು ತುಂಬಿದ್ಯೇನೇ?"

"ಗೀಸರ್ ತಾನೇ ತುಂಬ್ಕೊಳತ್ತೆ ಬಿಡಮ್ಮ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಾರ್ಚಲ್ಲಿ ಒಂದು ಹಂಡೆ ನೀರು ಸಿಕ್ಕಿದ್ರೆ ಕೈ ಮುಗೀತೀನಿ ಅಂತಿದ್ದೆ. ಈಗ ಮುಗಿ" ಅಂದ್ಲು, ಫೋನಿಟ್ಲು.

ಮರೆಯೋ ಥರದ ಮಾರ್ಚಾ ಅದು. ನಮ್ಮ ಬಿಲ್ಡಿಂಗ್ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ನೋರಿಗೆ ಫೋನ್ ಮೇಲೆ ಫೋನ್ ಮಾಡಿ, ವಾಟರ್ ಫಿಲ್ಟರ್ ಹೊರಗೆ ಬಿಡೋ ನೀರಲ್ಲಿ ನೆಲ ಒರೆಸಿ, ಅರ್ಧ ಬಕೆಟ್ಟಲ್ಲಿ ಮಗನ ಸ್ನಾನ ಮುಗಿಸಿದ್ವಿ. ಮಳೆ ಬಂತು, ನಾನೂ ಮರೆತೆ.

ಊರಲ್ಲಾದ್ರೆ ಈ ದಿನ ಬಚ್ಚಲೊಲೆ ಮೇಲಿನ ತಾಮ್ರದ ಹಂಡೆ ಇಳಿಸಿ, ವರ್ಷದ ಮಸಿ ಹೋಗೋ ತನಕ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತೋರು. ನನ್ನತ್ರ ಇದ್ದಿದ್ದು ಸಣ್ಣದೊಂದು ತಾಮ್ರದ ಬಿಂದಿಗೆ. ತಿಕ್ಕೋಕೆ ಕೂತೆ. ಹುಣಸೆರಸ ಉಗುರಿನ ಸಂದಿಗೆ ಹೋಗಿ ಚುರುಚುರು ಅಂತಿತ್ತು, ಕಪ್ಪು ಕರಗಿ ಗೆರೆಗೆರೆಯಾಗಿ ಕೆಂಪು ಎದ್ದು ಬಂತು.

ನಲ್ಲಿ ತಿರುಗಿಸಿದಾಗ ನೆನಪಾಯ್ತು, ಎರಡು ವಾರದ ಹಿಂದೆ ಮಂಡ್ಯ ಜಿಲ್ಲೆ ತೊರೆಕಾಡನಹಳ್ಳೀಲಿ, ಬೆಂಗಳೂರಿಗೆ ಕುಡಿಯೋ ನೀರು ತರೋ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆ ಆಗಿತ್ತಲ್ಲ, ಅಲ್ಲಿಂದ ಬೆಂಗಳೂರಿಗೆ ಹೆಚ್ಚೂಕಮ್ಮಿ 100 ಕಿಲೋಮೀಟರ್, ಅದೂ ಇಳಿಜಾರಲ್ಲ, ಪಂಪ್ ಮಾಡಿ ಮೇಲೆ ಹತ್ತಿಸಬೇಕು. ನಾನು ಆಫೀಸಿಂದ ಹದಿನಾಲ್ಕು ಕಿಲೋಮೀಟರ್ ಬಂದಿದ್ದಕ್ಕೇ ಅಷ್ಟು ಗೊಣಗಿದ್ದೆ. ಬಿಂದಿಗೆ ತುಂಬಿತು, ಕುಂಕುಮ ಇಟ್ಟೆ, ಹಾಗಲಬಳ್ಳಿ ಎಲ್ಲಿ ತರ್ಲಿ, ಒಂದೇ ಮೊಳ ಸೇವಂತಿಗೆ ಸುತ್ತಿದೆ. ಕೈ ಮುಗಿಯೋವಾಗ ಯಾರೂ ನೋಡ್ತಿಲ್ವಲ್ಲ ಅಂತ ಒಂದ್ಸಲ ತಿರುಗಿ ನೋಡಿದ್ದೂ ನಿಜ. ಸಿಂಕ್ ತುಂಬ ಪಾತ್ರೆ, ಎರಡು ಮೇಲ್ ಬಾಕಿ, ಇರ್ಲಿ ಅನ್ನಿಸ್ತು.

ಬೆಳಿಗ್ಗೆ ಐದಕ್ಕೆ ಮಗನ ತಲೆಗೆ ಎಣ್ಣೆ ತಟ್ಟಿ, ಗೀಸರ್ ಬಿಸಿನೀರಿಗೆ ಬಿಂದಿಗೆ ನೀರು ಬೆರೆಸಿ ಹುಯ್ದೆ. ಕಣ್ಮುಚ್ಕೊಂಡೇ "ಅಮ್ಮ, ಇನ್ನೊಂದ್ ಚೊಂಬು" ಅಂದ.

ಹುಯ್ದೆ.