ಬಿಳಿ ಎಲ್ಲಿ ಬಿದ್ದಿದೆ?

ಜೆಟ್ ಕಲರ್‌ಮ್ಯಾಪ್ (ಚಾರ್ಟು, ನಕ್ಷೆಗಳಿಗೆ ಹಚ್ಚುವ ನೀಲಿಯಿಂದ ಕೆಂಪಿನವರೆಗಿನ ಬಣ್ಣಗಳ ಪಟ್ಟಿ) ತೆಗೆಸಲು ಆಫೀಸಿನಲ್ಲಿ ಎರಡು ವಾರ ಜಗಳ ಆಡಿದವನು ನಾನು. ನಮ್ಮ ಮ್ಯಾನೇಜರಿಗೆ ಆ ಕಾಮನಬಿಲ್ಲು ಅಂದರೆ ಪ್ರಾಣ. "ಕ್ಲೈಂಟಿಗೆ ಇಷ್ಟ ಆಗತ್ತೆ ಕಣ್ರೀ" ಅನ್ನೋದೊಂದೇ ವಾದ. ನಾನು ಅದೇ ಪ್ಲಾಟನ್ನು ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಟ್ಟೆ. ಕಡಿಮೆಯ ನೀಲಿ, ಜಾಸ್ತಿಯ ಕೆಂಪು ಎರಡೂ ಒಂದೇ ಥರ ಕಪ್ಪು. ನಡುವಿನದು ಮಾತ್ರ ಬೆಳ್ಳಗೆ. ನಾವು ಬಳಸುವ ಚಾರ್ಟ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನವರೇ 2017ರಲ್ಲಿ 2.0 ಬಿಟ್ಟಾಗ ಜೆಟ್ ಕೈಬಿಟ್ಟು ವಿರಿಡಿಸ್ ಅನ್ನೋ ಇನ್ನೊಂದು ಕಲರ್‌ಮ್ಯಾಪನ್ನು ಡಿಫಾಲ್ಟ್ ಮಾಡಿದರು ಅಂತ ಭಾಷಣವನ್ನೂ ಬಿಗಿದೆ. ಗೆದ್ದೆ. ಬೀಗಿದೆ ಕೂಡ.

ಆಮೇಲೆ ಬಂತು ಮಳೆ ನಕ್ಷೆ. ಜಿಲ್ಲಾವಾರು, ವಾಡಿಕೆಗಿಂತ ಶೇಕಡಾ ಎಷ್ಟು ಹೆಚ್ಚು, ಎಷ್ಟು ಕಡಿಮೆ. ಕೊರತೆಗೆ ಕೆಂಪು, ಹೆಚ್ಚಿಗೆ ನೀಲಿ, ನಡುವೆ ಬಿಳಿ: ಆರ್‌ಡಿಬಿಯು ಅನ್ನೋ ಕಲರ್‌ಮ್ಯಾಪ್ ಹಾಕಿ ಕಳಿಸಿದೆ.

ಮೀಟಿಂಗಿನಲ್ಲಿ ಹಿರಿಯ ಅಧಿಕಾರಿಯೊಬ್ಬರು ಕನ್ನಡಕ ಸರಿಮಾಡಿಕೊಂಡು ಪರದೆ ಹತ್ತಿರ ಹೋದರು. "ಇದ್ಯಾಕಪ್ಪ ಕೆಂಪು? ನಮ್ಮ ಜಿಲ್ಲೆ ಇದು. ಹೋದ ಭಾನುವಾರ ಊರಿಗೆ ಹೋಗಿದ್ದೆ, ಕೆರೆ ಕೋಡಿ ಬಿದ್ದಿದೆ."

ಅಲ್ಲಿ ನಾನು ಸುಮ್ನೆ ಇರಬೇಕಿತ್ತು. "ಸರ್, ಒಂದೂರಲ್ಲಿ ಮಳೆ ಬಿದ್ದರೆ ಇಡೀ ಜಿಲ್ಲೆಗೆ ಬಿದ್ದ ಹಾಗಲ್ಲ" ಅಂದುಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸರಿ, ನಂಬರ್ ತೋರಿಸಿ" ಅಂದರು. ಡೇಟಾ ಇದ್ದ ಸಿಎಸ್‌ವಿ ಫೈಲ್ ತೆರೆದೆ. ಸಾಲು ಹುಡುಕುವಾಗಲೇ ಕೈ ಬೆವರಿತ್ತು. ಪ್ಲಸ್ 22. ಎಲ್ಲರೂ ಓದಿದರು. ಯಾರೂ ಮಾತಾಡಲಿಲ್ಲ. ಲ್ಯಾಪ್‌ಟಾಪ್ ಫ್ಯಾನ್ ಸದ್ದು ಅಷ್ಟು ಜೋರು ಅಂತ ಅವತ್ತೇ ಗೊತ್ತಾಗಿದ್ದು.

ಆದದ್ದಿಷ್ಟು. ಡೇಟಾ ಮೈನಸ್ 30ರಿಂದ ಪ್ಲಸ್ 120ರವರೆಗೆ ಇತ್ತು. ಬಣ್ಣ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಅಂತ ಹೇಳುವ ವಿಮಿನ್, ವಿಮ್ಯಾಕ್ಸ್ ನಾನು ಕೊಟ್ಟಿರಲಿಲ್ಲ. ಹಾಗಾಗಿ ಬಿಳಿ ಹೋಗಿ ಕೂತದ್ದು ಸರಿಯಾಗಿ ಮಧ್ಯಕ್ಕೆ, ಅಂದರೆ ಪ್ಲಸ್ 45ಕ್ಕೆ. ಅದಕ್ಕಿಂತ ಕೆಳಗಿದ್ದ ಎಲ್ಲ ಜಿಲ್ಲೆಗೂ ಕೆಂಪು ಬಳಿದಿತ್ತು. ಸೊನ್ನೆ ಅಂದರೆ ವಾಡಿಕೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಕಲರ್‌ಮ್ಯಾಪ್ ಬರೀ ಬಣ್ಣದ ಡಬ್ಬಿ. ಯಾವ ನಂಬರಿಗೆ ಯಾವ ಬಣ್ಣ ಅಂತ ತೀರ್ಮಾನಿಸೋದು ನಾರ್ಮ್. ಎರಡು ವಾರ ನಾನು ಡಬ್ಬಿ ಬಗ್ಗೆಯೇ ಜಗಳ ಆಡಿದ್ದೆ.

ಟೀ ಬ್ರೇಕಿನಲ್ಲಿ ಗಡಿಬಿಡಿಯಲ್ಲಿ ಟೂಸ್ಲೋಪ್‌ನಾರ್ಮ್ ಅನ್ನೋ ಬೇರೆ ನಾರ್ಮ್ ಹಾಕಿ, ಅದರ ನಡುಬಿಂದು ವಿಸೆಂಟರನ್ನು ಸೊನ್ನೆ ಮಾಡಿ ಮತ್ತೆ ತೋರಿಸಿದೆ. ಬಿಳಿ ಸರಿಹೋಯಿತು. ಆದರೆ ಅದು ಎರಡೂ ಕಡೆಯನ್ನು ಬೇರೆ ಬೇರೆ ಹಿಗ್ಗಿಸುತ್ತದೆ. ಮೈನಸ್ 30ಕ್ಕೆ ಪೂರ್ತಿ ಕಡುಗೆಂಪು, ಪ್ಲಸ್ 120ಕ್ಕೆ ಕಡುನೀಲಿ. "ಇಲ್ಲಿ ಬರ ಘೋಷಣೆ ಮಾಡ್ಬೇಕಾ?" ಅಂತ ಅದೇ ಅಧಿಕಾರಿ ನಕ್ಕರು. ನಮ್ಮ ಮ್ಯಾನೇಜರ್ ನಗಲಿಲ್ಲ.

ರಾತ್ರಿ ಕೂತು ಹವಾಮಾನ ಇಲಾಖೆಯ ವರ್ಗಗಳನ್ನೇ ಹಿಡಿದೆ: 19ರವರೆಗೆ ಆಚೀಚೆ ವಾಡಿಕೆ, 20ರಿಂದ 59 ಹೆಚ್ಚು, 60 ಮುಟ್ಟಿದರೆ ಅತಿ ಹೆಚ್ಚು. ಕೊರತೆಗೂ ಹಾಗೇ. ಲಿಸ್ಟೆಡ್‌ಕಲರ್‌ಮ್ಯಾಪ್‌ಗೆ ಐದು ಬಣ್ಣ ಕೈಯಾರೆ ಬರೆದು, ಬೌಂಡರಿನಾರ್ಮ್‌ಗೆ ಗಡಿಗಳನ್ನು ಕೊಟ್ಟೆ. ಹತ್ತು ಸಾಲು ಕೋಡ್. ಮೊದಲ ದಿನವೇ ಮಾಡಬಹುದಿತ್ತು, ಅಲ್ವಾ?

ಈಗ ಪ್ರತಿ ರಿವ್ಯೂನಲ್ಲೂ ಮ್ಯಾನೇಜರ್ ಮೊದಲು ಕೇಳೋದು "ಬಿಳಿ ಎಲ್ಲಿ ಬಿದ್ದಿದೆ?" ಅಂತ. ಮೊನ್ನೆ ಬಾರ್ ಚಾರ್ಟಿಗೂ ಕೇಳಿದರು.