ಬೆರಗಿನ ಜಾಗಗಳ ಪಟ್ಟಿ: ಈ ವರ್ಷ ಎಲ್ಲಿಗೆ ಬಂತು

ನಮ್ಮ ಪಟ್ಟಿಗೆ ಸೇರಲು ಒಂದೇ ಷರತ್ತು: ನೋಡಿದ ಕೂಡಲೇ ‘ಅರೆ, ಇದು ಇಲ್ಲಿ ಯಾಕಿದೆ?’ ಅನ್ನಿಸಬೇಕು. ಹಂಪಿ, ಬೇಲೂರು, ಜೋಗಕ್ಕೆ ಇದರಲ್ಲಿ ಜಾಗ ಇಲ್ಲ, ಅವುಗಳ ಪ್ರವಾಸವೇ ಬೇರೆ. ಕಳೆದ ಮಳೆಗಾಲದಿಂದ ಈಚೆಗೆ ಆದದ್ದು ಇಷ್ಟು.

ಆಗಸ್ಟ್. ಹಾಸನದ ಹತ್ತಿರದ ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಹೇಮಾವತಿ ದಡದಲ್ಲಿ ಕಟ್ಟಿಸಿದ ರೋಸರಿ ಚರ್ಚು. ಗೊರೂರು ಅಣೆಕಟ್ಟು ಆದ ಮೇಲೆ ಇದು ಹಿನ್ನೀರಿನ ಪಾಲು. ನಾವು ಹೋದಾಗ ಕಮಾನುಗಳ ಮೇಲರ್ಧ ಮಾತ್ರ ನೀರಿನ ಮೇಲಿತ್ತು, ಕಿಟಕಿ ಇದ್ದ ಕಡೆಯೆಲ್ಲ ಹಕ್ಕಿಗಳು. ದಡದಲ್ಲಿ ಕೂತು ಬುತ್ತಿ ಬಿಚ್ಚಿದೆವು. ಯಾರಿಗೂ ಎದ್ದು ಹೊರಡುವ ಮನಸ್ಸಿರಲಿಲ್ಲ.

ಮಾರ್ಚ್. ಮತ್ತೆ ಅಲ್ಲಿಗೇ, ಬೇಕೆಂದೇ. ಆಗಸ್ಟಿನಲ್ಲಿ ಅಲೆ ಇದ್ದ ಜಾಗದಲ್ಲಿ ಈಗ ಬಿರಿದ ಮಣ್ಣು, ಅದರ ಮೇಲೆ ನಡೆದೇ ಬಾಗಿಲವರೆಗೆ ಹೋದೆವು. ಚಾವಣಿ ಇಲ್ಲ, ಗೋಡೆಗಳ ಮೇಲೆ ನೀರು ನಿಂತ ಗುರುತು. ಎರಡು ಸಲ ನೋಡಿದರೇನೇ ಈ ಚರ್ಚು ಪೂರ್ತಿ ನೋಡಿದ ಹಾಗೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೋಡೆಗಳು ಶಿಥಿಲವಾಗಿವೆ, ದಯವಿಟ್ಟು ಯಾರೂ ಫೋಟೋಕ್ಕಾಗಿ ಹತ್ತಬೇಡಿ.

ಅದೇ ಸುತ್ತಿನಲ್ಲಿ ಸಕಲೇಶಪುರದ ಮಂಜರಾಬಾದ್ ಕೋಟೆ. ಟಿಪ್ಪು ಕಟ್ಟಿಸಿದ್ದು, 1792ರಲ್ಲಿ ಮುಗಿದದ್ದು, ಎಂಟು ಮೂಲೆಯ ನಕ್ಷತ್ರ. ಆಕಾರ ಪೂರ್ತಿ ಕಾಣುವುದು ಮೇಲಿನಿಂದ ಮಾತ್ರ. ಆದರೆ ಗೋಡೆಯ ಗುಂಟ ನಡೆದರೆ ಅದರ ಉಪಾಯ ಕಾಲಿಗೇ ತಿಳಿಯುತ್ತದೆ: ಚಾಚಿದ ಮೂಲೆಗಳಿಂದಾಗಿ, ಬುಡಕ್ಕೆ ಬಂದ ಶತ್ರುವಿನ ಮೇಲೆ ಎರಡು ಪಕ್ಕದಿಂದಲೂ ಗುಂಡು ಹಾರಿಸಬಹುದಿತ್ತು. ನಮ್ಮ ಜೊತೆಗಿದ್ದ ಮಕ್ಕಳು ಒಂದೊಂದು ಮೂಲೆಗೆ ಒಬ್ಬರಂತೆ ನಿಂತು ಕೂಗಾಡಿ ಇದನ್ನೇ ಆಟ ಮಾಡಿಕೊಂಡರು.

ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಗೆ ಒಂದು ಭಾನುವಾರ ಸಾಕಾಯಿತು. ಅಲ್ಲಿ ನಾಯಿಗಳಿಗೆ ಗುಡಿ ಇದೆ, 2010ರಲ್ಲಿ ಕಟ್ಟಿದ್ದು. ಊರ ದೇವತೆ ಕೆಂಪಮ್ಮ ಕನಸಿನಲ್ಲಿ ಬಂದು, ಕಾಣೆಯಾದ ಎರಡು ನಾಯಿಗಳಿಗಾಗಿ ಗುಡಿ ಕಟ್ಟಿಸಿ ಎಂದಳಂತೆ. ಒಳಗೆ ಜೋಡಿ ನಾಯಿಗಳ ವಿಗ್ರಹ, ಹೂವು, ಕುಂಕುಮ ಎಲ್ಲ ಇದೆ. ಜನ ನಿಜವಾದ ಭಕ್ತಿಯಿಂದ ಕೈಮುಗಿಯುತ್ತಾರೆ. ನಮಗೂ ಹಾಗೇ ಮುಗಿಯಬೇಕು ಅನ್ನಿಸಿತು. ಮನೆ ಕಾಯುವ ಪ್ರಾಣಿಗೆ ಇಷ್ಟು ಗೌರವ ಕೊಟ್ಟ ಊರು ನನಗೆ ತುಂಬ ಹಿಡಿಸಿತು.

ಶೆಟ್ಟಿಹಳ್ಳಿಯ ಎರಡು ಭೇಟಿಗಳಾದ ಮೇಲೆ ಪಟ್ಟಿಯನ್ನು ಜಿಲ್ಲಾವಾರು ಬಿಟ್ಟು ತಿಂಗಳುವಾರು ಬರೆಯತೊಡಗಿದ್ದೇವೆ. ಶಿರಸಿ ಹತ್ತಿರದ ಸಹಸ್ರಲಿಂಗವೂ ಹೀಗೆಯೇ: ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು, ನಂದಿಗಳು ಮಳೆಗಾಲದಲ್ಲಿ ಮುಳುಗಿರುತ್ತವೆ. ನೀರು ಇಳಿದ ಮೇಲೆ ಹೋಗಬೇಕು. ಶಿವರಾತ್ರಿಗೆ ಜನಜಾತ್ರೆ, ಆದ್ದರಿಂದ ಅದಕ್ಕೆ ಮುಂಚೆ, ಜನವರಿಯ ಖಾನೆಗೆ ಹಾಕಿದ್ದೇವೆ.

ಮಳೆಗಾಲಕ್ಕೆ ಸೂರಿನ ಕೆಳಗಿನದೊಂದು ಬೇಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯ ಇದೆ. ನಿಜವಾದ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆ. ಅದು ಜುಲೈಗೆ. ಬೀದರಿನ ಸುರಂಗ ಕಾಲುವೆ, ಅಂದರೆ ಬಹಮನಿಗಳ ಕಾಲದ ಕರೇಜ್, ಡಿಸೆಂಬರಿಗೆ. ರಾತ್ರಿ ರೈಲಿನ ಟಿಕೆಟ್ ಮಾಡಿಸುವುದು ಬಾಕಿ.